ಮಂಜಜ್ಜನ ಗಡ್ಡ

ಆ ಬೆಳಿಗ್ಗೆ ಬೆಟ್ಟದಿಂದ ಇಳಿದ ಮಂಜು ಕೇರಿಯನ್ನು ಪೂರ್ತಿ ನುಂಗಿಬಿಟ್ಟಿತ್ತು. ಎವೆಲಿಯೊಗೆ ತನ್ನ ಆಡು ಕಟ್ಟಿದ ಗೂಟವೂ ಕಾಣುತ್ತಿರಲಿಲ್ಲ. ಆಡು ಇದೆ ಎಂಬುದಕ್ಕೆ ಅದರ ಕೂಗೊಂದೇ ಸಾಕ್ಷಿ. ದೇವರು ಲೋಕವನ್ನು ಅಳಿಸಿ ಹೊಸದಾಗಿ ಬರೆಯಲು ಕೂತಂತಿದ್ದ ಇಂಥ ದಿನವೇ ರೂಪ ಬದಲಿಸುವವರ ಆಟದ ಊರು ಕಟ್ಟಲು ತಕ್ಕದ್ದು ಎಂದುಕೊಂಡ.

ಮಧ್ಯಾಹ್ನದ ಬಸ್ಸಿಗೆ ಕೆಳಗಿನ ಪೇಟೆಯಿಂದ ಗೆಳೆಯರು ಬರುವವರಿದ್ದರು. ಮೇಜಿನ ಸುತ್ತ ಕೂತು, ಒಬ್ಬ ವೀರ, ಒಬ್ಬ ಮಾಟಗಾರ ಎಂದು ಪಾತ್ರ ಹಂಚಿಕೊಂಡು, ದಾಳ ಉರುಳಿಸಿ ಆಡುವ ಆಟ. ಮೇಜಿನ ಮೇಲೆ ಗೊಂಬೆಗಳ ಊರು ಕಟ್ಟಿಕೊಡುವುದು ಎವೆಲಿಯೊನ ಕೆಲಸ. ಈ ಸಲದ್ದು ಬೆಟ್ಟದಲ್ಲಿ ಅಡಗಿದ ಗುಟ್ಟಿನ ಊರು. ಅಲ್ಲಿ ಯಾರೂ ಕಂಡಂತೆ ಅಲ್ಲ, ಎಲ್ಲರೂ ಬೇರೆ ಯಾರದೋ ರೂಪದಲ್ಲಿ.

ಗೊಂಬೆಗಳಿಗೆಂದು ಪಕ್ಕದ ಮನೆಯ ಮುದುಕಿ ದೊನ್ಯಾ ಎರ್ಸಿಲಿಯಾಳಿಂದ ಕ್ರಿಸ್ಮಸ್ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳ, ಹಳೆಯ ಪೆಟ್ಟಿಗೆ ಕೇಳಿ ತಂದಿದ್ದ. ಕುರುಬರು, ಕೋಳಿ, ಎತ್ತು, ಪಾದ್ರಿ, ಬಟ್ಟೆ ಒಗೆಯುವವಳು. ತಳದಲ್ಲಿ ಹತ್ತಿ ಸುತ್ತಿದ, ಬಣ್ಣ ಉದುರಿದ, ನಿಲ್ಲಲಾರದ ಗೊಂಬೆಯೊಂದಿತ್ತು. ಪೀಠ ಮುರಿದ ಕುರುಬನಿರಬೇಕೆಂದು ಅದನ್ನು ಮೇಣದಲ್ಲಿ ನಿಲ್ಲಿಸಿ, ಕಂಬಳಿ ಚೂರು ಹೊದಿಸಿ, ಆಡಿನ ಗಡ್ಡ ಕತ್ತರಿಸಿ ಅಂಟಿಸಿದ. ಊರ ಹಿರಿಯ ಮಂಜಜ್ಜ ತಯಾರಾದ. ಗಡ್ಡ ಹೋದ ಆಡು ಮಾತ್ರ ಮದುವೆ ತಪ್ಪಿದ ವರನ ಹಾಗೆ ಮುಖ ಮಾಡಿಕೊಂಡಿತ್ತು.

ಅಷ್ಟರಲ್ಲಿ ಮಂಜಿನೊಳಗಿಂದ ಪಿಟೀಲು ಕೇಳಿಸಿತು, ಹಿಂದೆಯೇ ಒಂದು ಗಂಡುದನಿ. "ಬಾಗಿಲು ತೆಗಿಯೋ! ದೊನ್ಯಾ ಎರ್ಸಿಲಿಯಾ ಮನೆಯ ಬಾಲಯೇಸು ಕಳುವಾಗಿದಾನೆ!"

ಎವೆಲಿಯೊ ಅಂಟಿನ ಕೈ ಒರೆಸಿಕೊಂಡು ಬಾಗಿಲಿಗೆ ಓಡಿದ. ಜನವರಿಯಲ್ಲಿ ನೆರೆಯವರ ಗೋದಲಿಯಿಂದ ಬಾಲಯೇಸುವಿನ ಗೊಂಬೆ ಕದಿಯುವುದು ಆ ಕೇರಿಯಲ್ಲಿ ಪಾಪವಲ್ಲ, ಭಕ್ತಿ. ಆದರೆ ಹುಡುಕುವವರಿಗೆ ಯಾರ ಮನೆಯಲ್ಲಿ ಸಿಕ್ಕಿತೋ ಅವರು, ಮಲಗಿದ ಮಗುವನ್ನು ಎಬ್ಬಿಸಿ ನಿಲ್ಲಿಸುವ ಹಬ್ಬ ಮಾಡಿ, ಇಡೀ ಕೇರಿಗೆ ವೈನು, ಕೇಕು ಕೊಡಬೇಕು. ಎವೆಲಿಯೊ ಎಲ್ಲರ ಹಬ್ಬದಲ್ಲೂ ತಿಂದವನು, ಎಂದೂ ಕದ್ದವನಲ್ಲ. ಅವನಿಗಿದ್ದದ್ದು ಆಡೊಂದೇ. ಹಬ್ಬ ಅವನ ತಲೆಗೆ ಬಂದರೆ ಆಡು ಸಂತೆಗೆ.

ಪಿಟೀಲಿನ ತೊರಿಬಿಯೊ, ಬ್ರೆಡ್ ಸುಡುವ ಪೆತ್ರೊನಿಲಾ, ಹಿಂದೆ ಜಪಮಾಲೆ ಎಣಿಸುತ್ತ ಎರ್ಸಿಲಿಯಾ. ಮೂವರೂ ಒಳನುಗ್ಗಿ ಮೇಜಿನ ಮುಂದೆ ನಿಂತರು.

"ಇದೇನೋ, ಫೆಬ್ರವರಿ ಬರೋ ಹೊತ್ತಿಗೆ ಗೋದಲಿ ಕಟ್ಟಿದೀಯ?" ಎಂದಳು ಪೆತ್ರೊನಿಲಾ.

"ಗೋದಲಿ ಅಲ್ಲಕ್ಕ, ಆಟದ ಊರು. ಆ ಕೋಳಿ ಇದೆಯಲ್ಲ, ಅದು ಕೋಳಿ ಅಲ್ಲ. ಪಾದ್ರಿ."

"ಅಯ್ಯೋ ದೇವರೇ! ಮತ್ತೆ ಈ ಪಾದ್ರಿ ಗೊಂಬೆ?"

"ಅದು ನರಿ."

"ಬಟ್ಟೆ ಒಗೆಯೋಳು?"

"ಅವಳು... ತಡಿ, ಬೆಳಿಗ್ಗೆ ಎತ್ತಾಗಿದ್ದಳು. ಇಲ್ಲ, ಎತ್ತೇ ಅವಳು." ಎವೆಲಿಯೊ ತಲೆ ಕೆರೆದುಕೊಂಡ. ತಾನೇ ಕಟ್ಟಿದ ಊರಲ್ಲಿ ತನಗೇ ದಾರಿ ತಪ್ಪಿತ್ತು.

ತೊರಿಬಿಯೊ ಪಿಟೀಲು ಕೆಳಗಿಟ್ಟ. "ಅಂದ್ರೆ, ಇಲ್ಲಿ ಕಂಡದ್ದು ಯಾವುದೂ ಅದಲ್ಲ."

"ಅಷ್ಟೇ ಅಣ್ಣ! ಅರ್ಥ ಆಯ್ತಲ್ಲ!"

"ಇಲ್ಲಿ ಬಾಲಯೇಸು ಕಾಣಿಸ್ತಿಲ್ಲ."

"ಇಲ್ಲವೇ ಇಲ್ಲ!"

"ಹಾಗಾದ್ರೆ ಇಲ್ಲೇ ಇದಾನೆ."

ಎವೆಲಿಯೊ ಮೇಜಿನಿಂದ ಸರಿದು ದಾರಿ ಬಿಟ್ಟ. ನಿಯಮ ಅವನದೇ; ಅಲ್ಲವೆನ್ನುವುದು ಹೇಗೆ? "ಹುಡುಕಿಕೊಳ್ಳಿ," ಎಂದು ನಕ್ಕ.

ಪೆತ್ರೊನಿಲಾ ಒಂದೊಂದೇ ಗೊಂಬೆ ಎತ್ತಿ ನೋಡುತ್ತ ಬಂದು ಮಂಜಜ್ಜನ ಹತ್ತಿರ ನಿಂತಳು. "ಈ ಅಜ್ಜನಿಗೆ ಯಾಕೋ ಇಷ್ಟು ಪುಟ್ಟ ಪಾದ?" ಕಂಬಳಿ ಎತ್ತಿದಳು. ಒಳಗೆ ದುಂಡು ಹೊಟ್ಟೆ, ಆಶೀರ್ವದಿಸಲು ಎತ್ತಿದ ಪುಟ್ಟ ಕೈ.

"ಕಳ್ಳಾ! ಮಗುವಿಗೆ ಗಡ್ಡ ಬೇರೆ ಹಚ್ಚಿದೀಯ!"

"ಹಬ್ಬಕ್ಕೆ ಮೊದಲೇ ನಿಲ್ಲಿಸಿಯೂ ಬಿಟ್ಟಿದಾನೆ!" ತೊರಿಬಿಯೊ ಪಿಟೀಲು ಎತ್ತಿ ಬಾರಿಸತೊಡಗಿದ. ಮಂಜಿನೊಳಗಿಂದ ಕೇರಿಗೆ ಕೇರಿಯೇ ಹಸಿದು ಹೊರಬಂತು.

"ನಾನು ಕದ್ದಿಲ್ಲ, ದೊನ್ಯಾ! ನಿಮ್ಮ ಪೆಟ್ಟಿಗೆಯಲ್ಲೇ ಇತ್ತು!"

ಎರ್ಸಿಲಿಯಾ ಅವನ ಕಿವಿಯ ಬಳಿ ಬಗ್ಗಿದಳು. "ನಂಗೊತ್ತು ಮಗಾ. ಹತ್ತಿ ಸುತ್ತಿ ಇಟ್ಟವಳು ನಾನೇ. ನಿನ್ನ ಮನೆ ಹಬ್ಬಕ್ಕೆ ಎಷ್ಟು ವರ್ಷ ಅಂತ ಕಾಯೋದು? ಎಲ್ಲರ ಮನೇಲೂ ತಿಂತೀಯ, ಒಂದು ಸಲವಾದ್ರೂ ಕದಿಯೋಕೆ ಬರ್ಲಿಲ್ಲ."

ಮಧ್ಯಾಹ್ನದ ಬಸ್ಸಿಗೆ ಬಂದ ಗೆಳೆಯರು ಅಂಗಳದ ಜನಜಂಗುಳಿ ನೋಡಿ, "ಈ ಸಲ ಊರು ನಿಜವಾಗಿ ಕಟ್ಟಿಬಿಟ್ಟಿದೀಯಲ್ಲೋ!" ಎಂದು ಬೆನ್ನು ತಟ್ಟಿ, ಎಲ್ಲರ ಜೊತೆ ಕೇಕಿಗೆ ಕಾದು ಕೂತರು.

ತೊರಿಬಿಯೊ ಆಡಿನ ಹಗ್ಗ ಹಿಡಿದು ಸಂತೆಯ ದಾರಿ ಹಿಡಿದ. ಮಂಜಿನಲ್ಲಿ ಮೊದಲು ಆಡು ಮರೆಯಾಯಿತು, ಆಮೇಲೆ ಅದರ ಕೂಗು.

ಎರ್ಸಿಲಿಯಾ ಬಾಲಯೇಸುವಿಗೆ ಮುತ್ತಿಟ್ಟು, ಅವನ ಗಲ್ಲದಿಂದ ಗಡ್ಡವನ್ನು ನೋಯದ ಹಾಗೆ ಬಿಡಿಸಿದಳು. ಪರರ ಸ್ವತ್ತು ಇಟ್ಟುಕೊಳ್ಳುವವಳಲ್ಲ ಅವಳು. ಅದನ್ನು ಎವೆಲಿಯೊನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.