ಶುಭ ಕೋರುವವರು

ನಯನಾಳ ಗ್ರಹಚಾರ ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕ್ ಬಡಾವಣೆಯ ಸರ್ಕಲ್ಲಿನಲ್ಲಿ ಲೈಟ್ ಕಂಬದಷ್ಟು ಎತ್ತರಕ್ಕೆ ನೇತಾಡುತ್ತಿತ್ತು. ಬೆಳಗಿನ ಓಟ ಮುಗಿಸಿ, ಎಂದಿನಂತೆ ಎದುರುಮನೆ ಕರಿಬಸವರಾಜರ ನಾಯಿ ಟೈಗರನ್ನು ಬೆನ್ನಿಗೆ ಹಚ್ಚಿಕೊಂಡು ಬಂದವಳು, ರಾತ್ರೋರಾತ್ರಿ ಎದ್ದಿದ್ದ ಆ ಫ್ಲೆಕ್ಸ್ ಕಂಡು ನಿಂತೇಬಿಟ್ಟಳು. ಅವಳು ನಿಂತದ್ದು ಕಂಡು ನಾಯಿಯೂ ಗಾಬರಿಯಾಗಿ ನಿಂತಿತು.

ಫ್ಲೆಕ್ಸಿನ ತುಂಬ ಕರಿಬಸವರಾಜರೇ. ಬಿಳಿ ಅಂಗಿ, ಮುಗಿದ ಕೈ, ತಂಪು ಕನ್ನಡಕ. ಸುತ್ತಲೂ ಬಡಾವಣೆ ಹಿತರಕ್ಷಣಾ ಸಮಿತಿಯವರ ತಲೆಗಳು ಸಂತೆಬುಟ್ಟಿಯ ಬದನೆಕಾಯಿಗಳಂತೆ ಒತ್ತೊತ್ತಾಗಿದ್ದವು. ಎಲ್ಲರ ಕೆಳಗೆ, ಮೂಲೆಯಲ್ಲಿ, ಅಂಚೆಚೀಟಿಯಷ್ಟೇ ಅಗಲದ ನಯನಾ. ‘ಹಗಲು ರಾತ್ರಿ ಓಡುವ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದ ಬಡಾವಣೆಯ ಹೆಮ್ಮೆಯ ಪುತ್ರಿಗೆ ಶುಭ ಕೋರುವವರು’ ಎಂದು ಬರೆದು, ಅದರಡಿ ಕರಿಬಸವರಾಜರ ಹೆಸರು, ಫೋನ್ ನಂಬರು.

ತಪ್ಪು ಅವಳದೇ. “ಪ್ರಾಯೋಜಕರು ಯಾರಾದ್ರೂ ಇದ್ರೆ ಹೇಳ್ರಿ ಸಾರ್” ಎಂದು ಅವರನ್ನು ಕೇಳಿದವಳು ಅವಳೇ. ಸಿಮೆಂಟ್ ವ್ಯಾಪಾರಿಯೂ ಸಮಿತಿಯ ಅಧ್ಯಕ್ಷರೂ ಆದ ಕರಿಬಸವರಾಜರು ಮುಂದಿನ ಕಾರ್ಪೊರೇಷನ್ ಚುನಾವಣೆಗೆಂದು ಈಗಲೇ ನಗುವುದನ್ನು ಅಭ್ಯಾಸ ಮಾಡುತ್ತಿದ್ದರು. “ನಾನಿದ್ದೀನಲ್ಲವ್ವ, ನೀ ಓಡು” ಎಂದಿದ್ದರು.

ಹಲ್ಲಿನ ದವಾಖಾನೆಯಲ್ಲಿ ಟೋಕನ್ ಕೊಡುವ ನಯನಾ ದೇಶದ ತಂಡಕ್ಕೆ ಆಯ್ಕೆಯಾಗಿದ್ದು ಸುಳ್ಳಲ್ಲ. ಇಪ್ಪತ್ನಾಲ್ಕು ತಾಸು ಒಂದೇ ಮೈದಾನವನ್ನು ಸುತ್ತುವ ಓಟ, ಸ್ಪರ್ಧೆ ಬ್ಯಾಂಕಾಕಿನಲ್ಲಿ. ಆದರೆ ಓಟಗಾರರ ಸಂಘದ ಕಾರ್ಯದರ್ಶಿ ಹಿಂದಿನ ರಾತ್ರಿ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು: “ಆಯ್ಕೆ ನಮ್ದು, ವಿಮಾನದ ಟಿಕೆಟ್ ನಿಮ್ದು. ನಾಳೆ ಸಂಜೆ ಆರರೊಳಗೆ ಟಿಕೆಟ್ ಕಳಿಸದಿದ್ರೆ ನಿಮ್ಮ ಜಾಗ ಮೀಸಲು ಪಟ್ಟಿಯ ಹುಡುಗಿಗೆ.” ಬೆನ್ನ ಮೇಲೆ ದೇಶದ ಹೆಸರಿರುವ ನೀಲಿ ಅಂಗಿಯೊಂದು ಅವಳ ಕನಸಿನಲ್ಲಿ ತಿಂಗಳುಗಟ್ಟಲೆ ಹಗ್ಗದ ಮೇಲೆ ಒಣಗುತ್ತಿತ್ತು. ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಏಳು ಸಮುದ್ರ ದಾಟಬೇಕಾದವರಿಗೆ ಯಾವುದಾದರೂ ಹದ್ದು ಬಂದು ಬೆನ್ನು ಕೊಡುತ್ತಿತ್ತು. ಮೊದಲು ಟಿಕೆಟ್ ತೋರಿಸು ಅನ್ನುವ ಹದ್ದು ಒಂದೂ ಇರಲಿಲ್ಲ.

“ಇನ್ನೇನವ್ವ, ಫ್ಲೆಕ್ಸೇ ಬಿತ್ತು! ಹೋಗಿ ಬಂದಂಗೇ ಆತು” ಎಂದಳು ಕೆಳಮನೆಯ ಕಸ್ತೂರಮ್ಮ, ಹಾಲಿನ ಪಾತ್ರೆ ಹಿಡಿದು.

“ಟಿಕೆಟ್ಟೇ ಆಗಿಲ್ಲ ಆಂಟಿ.”

“ಫ್ಲೆಕ್ಸ್ ಹಾಕ್ಸೋರು ಟಿಕೆಟ್ ಹಾಕ್ಸಲ್ವಾ? ನೀ ಒಬ್ಳು.”

ಅದನ್ನೇ ಕೇಳೋಣವೆಂದು ಕರಿಬಸವರಾಜರಿಗೆ ಫೋನ್ ಮಾಡಿದರೆ ಅದು ಬೆಳಗಿನಿಂದ ಬಿಜಿ. ಮನೆಗೆ ಹೋದರೆ ಬೀಗ. ಗೇಟಿನಲ್ಲಿ ಟೈಗರ್ ಮಾತ್ರ ಮಾತಿಗೆ ಸಿದ್ಧವಿತ್ತು.

ದವಾಖಾನೆಗೆ ರಜೆ ಹೇಳಿ, ಬೇರೆ ಪ್ರಾಯೋಜಕರನ್ನು ಹುಡುಕಿಕೊಂಡು ಮಂಡಿಪೇಟೆಗೆ ನಡೆದಳು. ಎಣ್ಣೆ ವ್ಯಾಪಾರಿ ಕೊಟ್ಟೂರೇಶ್ ಗಾದಿಯ ಮೇಲೆ ಹಿಟ್ಟಿನ ಮುದ್ದೆಯಂತೆ ಹರಡಿಕೊಂಡು ಕೂತಿದ್ದರು. ಕತೆಯನ್ನೆಲ್ಲ ಕೇಳಿ, “ಇಪ್ಪತ್ನಾಲ್ಕು ತಾಸು ಓಡಿ ಎಲ್ಲಿಗೆ ಮುಟ್ತಿ?” ಎಂದರು.

“ಎಲ್ಲಿಗೂ ಇಲ್ಲ ಸಾವ್ಕಾರ್ರೆ. ಅದೇ ಮೈದಾನ ಸುತ್ತೋದು.”

“ಅಂದ್ರೆ ಹೊಂಟಲ್ಲಿಗೇ ಬರ್ತಿ?”

“ಹೂಂ ರೀ.”

ಕೊಟ್ಟೂರೇಶ್ ಗುಮಾಸ್ತನ ಕಡೆ ತಿರುಗಿದರು. “ನಮ್ಮಪ್ಪನ ಕಾಲದಾಗ ಗಾಣದ ಎತ್ತು ಇದೇ ಕೆಲ್ಸ ಮಾಡ್ತಿತ್ತು. ಆದ್ರೆ ಎಣ್ಣೆ ಬರ್ತಿತ್ತಪ್ಪ.”

ಗುಮಾಸ್ತ ನಕ್ಕ. ನಯನಾ ನಗಲು ಯತ್ನಿಸಿದಳು, ತುಟಿ ಒಪ್ಪಲಿಲ್ಲ.

“ಬ್ಯಾಸರ ಮಾಡ್ಕಬ್ಯಾಡ. ಕರಿಬಸವರಾಜಂದು ಫ್ಲೆಕ್ಸ್ ನೋಡೀನಿ. ಅವ ಪೂರಾ ಹೊತ್ಕಂಡಾನೆ. ನಡುವೆ ನಾ ಕೈ ಹಾಕಿದ್ರೆ ಅವನಿಗೆ ಅವಮಾನ.”

“ಅವ್ರು ಬರೀ ಶುಭ ಕೋರ್ಯಾರ್ರಿ...”

“ಅದೂ ಅಲ್ದೆ, ರಾಷ್ಟ್ರೀಯ ತಂಡ ಅಂದ್ಮ್ಯಾಲೆ ಸರ್ಕಾರನೇ ಕಳಸ್ತೈತೆ. ನೀ ಯಾಕ ಬಿಸ್ಲಾಗ ತಿರುಗ್ತಿ?”

ಹಾಗೆಂದು ಬರಿಗೈಯಲ್ಲಿ ಕಳಿಸುವ ಮನೆತನ ಅವರದಲ್ಲ. ಪಕ್ಕದ ಅಂಗಡಿಯಿಂದ ಶಾಲು ಬಂತು, ಹಾರ ಬಂತು. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಬೆಚ್ಚನೆಯ ಶಾಲು ಹೊದಿಸಿ, ಹೆಗಲ ಮೇಲೆ ಕೈಯಿಟ್ಟು, ಫೋಟೋ ತೆಗೆಸಿಕೊಂಡು ಕಳಿಸಿಕೊಟ್ಟರು.

ಕರೂರು ಕೈಗಾರಿಕಾ ಪ್ರದೇಶದಲ್ಲಿ ಚಪ್ಪಲಿ ಕಾರ್ಖಾನೆಯ ದಿನೇಶ್ ಇನ್ನೂ ಚುಟುಕಾಗಿ ಮುಗಿಸಿದ. “ಚಪ್ಪಲಿ ಹಾಕ್ಕಂಡು ಓಡ್ತೀರಾ?”

“ಇಲ್ರಿ, ಶೂ.”

“ಮತ್ತೆ ನಾವ್ಯಾಕ?” ಎಂದವನು, ಅವಳ ಮುಖ ಬಾಡಿದ್ದು ಕಂಡು ತಾನೂ ಒಂದು ಶಾಲು ತರಿಸಿದ. ಹೊದಿಸುತ್ತ ಕಿವಿಯಲ್ಲಿ ಹೇಳಿದ: “ಹರಿಹರದಾಗ ರಾಜಕುಮಾರ್ ಅಂತ, ಲೇತ್ ವರ್ಕ್‌ಶಾಪ್ ಐತೆ. ಆಟೋಟ ಅಂದ್ರೆ ಹುಚ್ಚು ಮನುಷ್ಯ. ನಾಕು ಗಂಟೆಗೆ ಹೊಂಟುಬಿಡ್ತಾನೆ, ಅಷ್ಟ್ರೊಳಗೆ ಹೋಗ್ರಿ.”

ಹರಿಹರದ ಬಸ್ಸು ಅರ್ಧ ದಾರಿಯಲ್ಲಿ ಟೈರು ಒಡೆದುಕೊಂಡು ಕುಂತಿತು. ಕಂಡಕ್ಟರ್ ಟೈರನ್ನು ನೋಡಿದ, ಆಕಾಶ ನೋಡಿದ, ಬೀಡಿ ಹಚ್ಚಿದ. ನಯನಾ ಇಳಿದು ಓಡತೊಡಗಿದಳು. ಇದೊಂದು ಕೆಲಸ ಅವಳಿಗೆ ಬರುತ್ತಿತ್ತು. ಹೆಗಲ ಮೇಲೆ ಎರಡು ಶಾಲು, ಕೈಯಲ್ಲಿ ಬಾಡಿದ ಹಾರ. ಹಿಂದಿನಿಂದ ಬಂದ ಆಟೋ ಗಕ್ಕನೆ ನಿಂತು, ಅದರೊಳಗಿಂದ ತರಕಾರಿ ಮಾರುವ ಯಲ್ಲಕ್ಕ ಕತ್ತು ಚಾಚಿದಳು.

“ಯಾರು ಹೋದ್ರೇ ತಾಯಿ?”

“ಯಾರೂ ಇಲ್ಲಕ್ಕ. ಓಡ್ತಿದೀನಿ, ಅಷ್ಟೆ.”

“ದುಃಖದಾಗ ಮೊದ್ಲು ಹಂಗೇ ಅನಸ್ತೈತೆ. ಹತ್ತು, ಹತ್ತು!” ಯಲ್ಲಕ್ಕ ರಟ್ಟೆ ಹಿಡಿದು ಎಳೆದುಕೊಂಡಳು. “ನೇರ ದವಾಖಾನಿಗೆ ಬಿಡಪ್ಪ, ಹಾರ ಬ್ಯಾರೆ ತಗಂಡೈತೆ ಪಾಪ.”

ನಯನಾ ಎಷ್ಟು ಬಿಡಿಸಿ ಹೇಳಿದರೂ ಯಲ್ಲಕ್ಕ ಅವಳ ತಲೆ ಸವರುತ್ತಲೇ ಇದ್ದಳು. ಹರಿಹರದ ದವಾಖಾನೆಯ ಬಾಗಿಲಲ್ಲಿ ಇಳಿಸಿ, “ಗಟ್ಟಿ ಮನಸ್ಸು ಮಾಡ್ಕೊ” ಎಂದು ಎರಡು ಸೌತೆಕಾಯಿ ಕೊಟ್ಟು ಹೋದಳು. ಅಲ್ಲಿಂದ ಊರಿನ ಆಚೆ ತುದಿಗೆ ಮತ್ತೆ ಓಟ.

ರಾಜಕುಮಾರ್ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು. ಅವಳನ್ನು ಕಂಡದ್ದೇ ಸ್ಟ್ಯಾಂಡ್ ಹಾಕಿದರು. “ಅರೆ, ಫ್ಲೆಕ್ಸಿನ ಹುಡುಗಿ! ಬರ್ರಿ, ಕೂಡ್ರಿ. ನೀವ್ಯಾಕ ಬಂದ್ರಿ? ದುಡ್ಡು ಬೆಳಿಗ್ಗೆನೇ ಕಳ್ಸೀನಲ್ಲ?”

“ದುಡ್ಡಾ?”

“ಯಾರೋ ಫ್ಲೆಕ್ಸಿನ ಫೋಟೋ ಕಳ್ಸಿದ್ರು. ಅದ್ರಾಗಿನ ನಂಬರಿಗೆ ಫೋನ್ ಹಚ್ಚಿದೆ. ಏನು ಬೇಕ್ರಿ ಅಂದೆ. ಬ್ಯಾಂಕಾಕ್ ಟಿಕೆಟ್ ಅಂದ್ರು ನಿಮ್ಮ ಅಧ್ಯಕ್ಷರು. ಪೂರಾ ಕಳಿಸ್ದೆ. ನಮ್ಮ ಕಡೆ ಹುಡುಗಿ ಓಡ್ತಾಳೆ ಅಂದ್ರೆ ಸುಮ್ನಿರಕ್ಕಾಗ್ತದಾ?”

ನಯನಾ ಅಲ್ಲೇ ಕಬ್ಬಿಣದ ಪೈಪಿನ ರಾಶಿಯ ಮೇಲೆ ಕೂತಳು. ಹೊಳೆ ಕಡೆಯ ಗಾಳಿ ಬೀಸಿತು. ಕರಿಬಸವರಾಜರ ಬಗ್ಗೆ ಬೆಳಗಿನಿಂದ ಮನಸ್ಸಿನಲ್ಲಿ ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ವಾಪಸ್ ತೆಗೆದುಕೊಂಡಳು. ಕಾರ್ಯದರ್ಶಿಗೆ ಫೋನ್ ಮಾಡಿ, “ಟಿಕೆಟ್ ಆಯ್ತು ಸಾರ್, ಆರರೊಳಗೆ ಕಳಿಸ್ತೀನಿ” ಎಂದಳು. ವಾಪಸ್ ಬಸ್ಸಿನ ಕಿಟಕಿಯಲ್ಲಿ ಆ ನೀಲಿ ಅಂಗಿ ದಾವಣಗೆರೆಯವರೆಗೂ ಅವಳ ಜೊತೆಗೇ ಹಾರಿತು.

ಸರ್ಕಲ್ಲಿನಲ್ಲಿ ಶಾಮಿಯಾನ ಎದ್ದಿತ್ತು. ಮೈಕು ಕರಕರ ಅನ್ನುತ್ತಿತ್ತು. ಕಸ್ತೂರಮ್ಮ ಮುಂದಿನ ಕುರ್ಚಿ ಹಿಡಿದಿದ್ದಳು. ಕರಿಬಸವರಾಜರು ನೀಲಿ ಅಂಗಿ ತೊಟ್ಟಿದ್ದರು. ಬೆನ್ನ ಮೇಲೆ ‘ಇಂಡಿಯಾ’. ಪಕ್ಕದಲ್ಲಿ ಹೆಂಡತಿ ನಿರ್ಮಲಮ್ಮನವರು ಸೀರೆಯ ಮೇಲೆ ಅಂಥದೇ ಅಂಗಿ ಏರಿಸಿಕೊಂಡು ನಾಚುತ್ತಿದ್ದರು.

“ಬಾರವ್ವ! ಟಿಕೆಟ್ ಬಂತು!” ಎಂದು ಕರಿಬಸವರಾಜರು ಮೊಬೈಲ್ ಅವಳ ಕೈಗಿಟ್ಟರು.

ನಯನಾ ನೋಡಿದಳು. ಹೆಸರು ಎರಡಿದ್ದವು. ಮೊದಲನೆಯದು ಕರಿಬಸವರಾಜ. ಎರಡನೆಯದು ನಿರ್ಮಲಮ್ಮ. ಬೆರಳಿನಿಂದ ಮೇಲೆ ಸರಿಸಿದಳು, ಕೆಳಗೆ ಸರಿಸಿದಳು.

“ನಂದೆಲ್ಲಿ ಸಾರ್?”

“ನಿಂದ್ಯಾಕ? ರಾಷ್ಟ್ರೀಯ ತಂಡ ನೀನು, ಸರ್ಕಾರದೋರು ಕರಕೊಂಡು ಹೋಗಲ್ವಾ? ಆದ್ರೆ ಆ ಪರದೇಶದಾಗ ನಿಂಗೆ ಶುಭ ಕೋರೋರು ಯಾರದಾರೆ? ಅಷ್ಟು ದೊಡ್ಡದಾಗಿ ಬರೆಸೀನಿ, ಹೋಗಿ ಕೋರಬೇಕಲ್ಲ? ನಮ್ದು ಪಾಸ್‌ಪೋರ್ಟೂ ಐತೆ, ಸಿಮೆಂಟ್ ಕಂಪನಿಯೋರು ಒಂದ್ಸಲ ಬ್ಯಾಂಕಾಕಿಗೆ ಕರಕೊಂಡು ಹೋದಾಗ ಮಾಡ್ಸಿದ್ದು.”

“ಸರ್ಕಾರ ಕೊಡಲ್ಲ ಸಾರ್. ನಾನೇ ತಗೋಬೇಕಿತ್ತು. ಅದಕ್ಕೇ ನಿಮ್ಮನ್ನ ಕೇಳಿದ್ದು.” ಅವಳ ದನಿ ಮೈಕಿನವರೆಗೂ ಮುಟ್ಟಲಿಲ್ಲ. “ಇದನ್ನ ವಾಪಸ್ ಮಾಡ್ರಿ.”

“ಆಫರ್ ಟಿಕೆಟ್ಟವ್ವ. ವಾಪಸ್ ತಗಳಲ್ಲ.”

ಅಷ್ಟರಲ್ಲಿ ಆರು ಹೊಡೆದು ಅವಳ ಫೋನು ಬಡಿದುಕೊಂಡಿತು. ಟಿಕೆಟ್ ಆಗಲಿಲ್ಲ ಸಾರ್ ಎಂದಳು. ಕಾರ್ಯದರ್ಶಿ ಬಯ್ಯಲಿಲ್ಲ. ಬೈದಿದ್ದರೆ ಏನಾದರೂ ಹೇಳಬಹುದಿತ್ತು. “ಆಯ್ತಮ್ಮ, ಹಂಗಾದ್ರೆ ಆ ಹುಡುಗಿಗೆ ಹೇಳ್ತೀನಿ” ಅಂದರು, ಅಷ್ಟೆ.

ಕರಿಬಸವರಾಜರಿಗೆ ನಿಜಕ್ಕೂ ಸಂಕಟವಾಯಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿರ್ಮಲಮ್ಮನವರು ಬಿಕ್ಕಿದರು. ತಂದಿಟ್ಟ ಶಾಲನ್ನು ಸುಮ್ಮನೆ ಇಡಬಾರದೆಂದು ಅವಳಿಗೇ ಹೊದಿಸಿದರು, ಅದು ಮೂರನೆಯದು. ಕನ್ನಡಕ ಮತ್ತೆ ಏರಿಸಿಕೊಂಡು ಕರಿಬಸವರಾಜರು ಕೇಳಿದರು: “ಆ ಇನ್ನೊಂದು ಹುಡುಗಿ ಹೆಸ್ರೇನು?”

“ರೂಪಶ್ರೀ.”

“ಅದೂ ನಮ್ಮ ದೇಶದ್ದೇ ಅಲ್ವಾ. ಅವಳಿಗೇ ಕೋರ್ತೀನಿ ಬಿಡು. ದುಡ್ಡು ಹಾಳಾಗಬಾರ್ದು.” ಆಮೇಲೆ ಜೇಬಿನಿಂದ ಮನೆಯ ಬೀಗದ ಕೈ ತೆಗೆದು, ನಾಯಿಯ ಹಗ್ಗದ ಜೊತೆ ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು. “ಹೆಂಗೂ ಊರಾಗೇ ಇರ್ತಿ. ನಾವು ಬರೋತನ್ಕ ಟೈಗರನ್ನ ನೋಡ್ಕೊ. ಬೆಳಿಗ್ಗೆ ಓಡ್ಸದಿದ್ರೆ ಅದಕ್ಕೆ ಊಟ ಸೇರಲ್ಲ.”

ಅವರು ಹೊರಟ ಮರುದಿನ ಬೆಳಿಗ್ಗೆ ನಯನಾ ಹಗ್ಗ ಹಿಡಿದು ಸರ್ಕಲ್ಲಿನವರೆಗೆ ಬಂದು ನಿಂತಳು. ಫ್ಲೆಕ್ಸಿನ ಮೂಲೆಯಲ್ಲಿದ್ದ ಅಂಚೆಚೀಟಿಯ ಮೇಲೆ ರೂಪಶ್ರೀಯ ಮುಖ ಅಂಟಿಸಿ ಆಗಿತ್ತು. ಟೈಗರ್ ಬೊಗಳಿತು, ಹಗ್ಗ ಜಗ್ಗಿತು, ಅವಳ ಸುತ್ತ ಎರಡು ಸುತ್ತು ಹಾಕಿತು. ಅವಳು ಓಡಲಿಲ್ಲ. ಓಡದವಳನ್ನು ಅಟ್ಟುವುದು ಹೇಗೆಂದು ತಿಳಿಯದೆ ನಾಯಿ ಶುಭ ಕೋರುವವರ ಕೆಳಗೆ ಕೂತು ಅವಳ ಕಾಲನ್ನೇ ನೋಡುತ್ತ ಕಾಯತೊಡಗಿತು.