ಸಿಗಡಿಯಿಂದ ಹಾರಿಹೋದ ಅಳಿಯ

ಕಣ್ಣೆದುರು ನಡೆದದ್ದನ್ನು ನಡೆದ ಹಾಗೆ ಹೇಳುವುದು ಸುಲಭವೆಂದು ತಿಳಿದಿದ್ದೆ. ಆ ಸಂಜೆಯಿಂದ ಹಾಗೆ ತಿಳಿಯುವುದನ್ನು ಬಿಟ್ಟಿದ್ದೇನೆ. ಈಗಲೂ ಒಗ್ಗರಣೆಯ ಸಾಸಿವೆ ಸಿಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಅಂದು ಅಕ್ಟೋಬರ್ ತಿಂಗಳ ಕೊನೆಯ ದಿನ. ಮಗಳು ಚಂದನಾಳಿಗೆ ಗೊತ್ತಾದ ಹುಡುಗ ಹರೀಶನ ತಾಯಿ ಜಯಮ್ಮನವರು ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಹೂಟಗಳ್ಳಿಯಿಂದ ಒಂಟಿಕೊಪ್ಪಲಿನ ನಮ್ಮ ಮನೆಗೆ ಬಂದಿದ್ದರು. ಅದೇ ಹೊತ್ತಿಗೆ ಪಕ್ಕದ ಮನೆಯ ಸ್ಟೆಲ್ಲಾ ಟೀಚರ್ ಸಿಗಡಿಯಲ್ಲಿ ಕೆಂಡ ತುಂಬಿಕೊಂಡು ಬಂದರು. ಬಾಲ್ಯದಲ್ಲಿ ಅವರಿಗೆ ಪಾಠ ಹೇಳಿದ ಕಾನ್ವೆಂಟಿನ ಸಿಸ್ಟರುಗಳು ಐರ್ಲೆಂಡಿನವರು. ಅಲ್ಲಿ ಅದೇ ದಿನ ಬರುವ ಹ್ಯಾಲೋವೀನ್ ಹಬ್ಬದ ಸಂಜೆ, ಮದುವೆಯಾಗುವ ಜೋಡಿಯ ಹೆಸರಿನಲ್ಲಿ ಹೇಜಲ್ ಎಂಬ ಗಟ್ಟಿ ಸಿಪ್ಪೆಯ ಎರಡು ಕಾಯಿಗಳನ್ನು ಒಲೆಯಲ್ಲಿ ಇಡುತ್ತಾರಂತೆ. ಎರಡೂ ತೆಪ್ಪಗೆ ಬೆಂದರೆ ಸುಖ ಸಂಸಾರ; ಒಂದು ಸಿಡಿದು ಹಾರಿದರೆ ಆ ಹೆಸರಿನವರು ಕೈಕೊಟ್ಟರೆಂದೇ ಅರ್ಥ. ಆ ಕಾಯಿ ನಮ್ಮಲ್ಲಿರಲಿಲ್ಲ. ನನ್ನ ಹೆಂಡತಿ ಸರೋಜ ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಬೀಜಗಳಿದ್ದವು. ಎರಡನ್ನು ಸಿದ್ಧಮಾಡಿ ತರುವ ಹೊಣೆ ನನಗೆ ಬಿತ್ತು.

"ಎಡಗಡೇದು ಚಂದನಾ, ಬಲಗಡೇದು ಹರೀಶ," ಎಂದು ಟೀಚರ್ ಬೀಜಗಳನ್ನು ಇಟ್ಟರು.

"ನಮ್ಮುಡ್ಗ ಬಲು ತಾಳ್ಮೆಯವ್ನು ಕಣಮ್ಮ, ನೋಡ್ತಿರು," ಎಂದು ಜಯಮ್ಮ ಚಂದನಾಳ ಬೆನ್ನು ಸವರಿದರು.

ಮೊದಲು ಸ್ವಲ್ಪ ಹೊಗೆ ಬಂತು. ಎಡಗಡೆಯ ಬೀಜ ಸುಮ್ಮನಿತ್ತು. ಬಲಗಡೆಯದು ಒಮ್ಮೆ ಅಲುಗಿತು. ಆಮೇಲೆ ಢಮ್ಮೆಂದಿತು. ಹರೀಶ ಸಿಗಡಿ ಬಿಟ್ಟು, ಟೀಚರ ಭುಜದ ಮೇಲಿಂದ ಹಾದು, ಬಾಗಿಲಾಚೆ ಚಪ್ಪಲಿಗಳ ನಡುವೆ ಬಿದ್ದ.

ಚಂದನಾಳ ಕಣ್ಣು ತುಂಬಿತು.

"ಇದು ಬರೀ ಆಟ ಕಣ್ರೀ," ಎಂದರು ಟೀಚರ್.

"ಆಟದಲ್ಲೂ ನಮ್ಮುಡ್ಗನೇ ಯಾಕ್ ಓಡೋದ? ದಿನ ಗೊತ್ಮಾಡೋದು ಈಗ್ಲೇ ಬ್ಯಾಡ ಬುಡಿ." ಜಯಮ್ಮ ಬಿಳಿಚಿದ ಮುಖದಲ್ಲಿ ಎದ್ದು ನಿಂತರು.

ನಿಜ ಗೊತ್ತಿದ್ದವನು ನಾನೊಬ್ಬನೇ. ಹೇಳಿಬಿಟ್ಟೆ. "ತಪ್ಪು ಹರೀಶಂದಲ್ಲ. ಗೀರು ಹಾಕ್ದೆ ಸುಟ್ರೆ ಹಲಸಿನ ಬೀಜ ಸಿಡಿಯುತ್ತೆ. ಒಂದಕ್ಕೆ ಹಾಕಿದ್ದೆ. ಅಷ್ಟರಲ್ಲಿ ಕುಕ್ಕರ್ ಕೂಗ್ತು. ಇನ್ನೊಂದಕ್ಕೆ ಮರೆತೆ."

ಜಯಮ್ಮ ಇಕ್ಕಳ ಕೇಳಿ ತೆಗೆದುಕೊಂಡರು. ಸಿಗಡಿಯಲ್ಲಿ ಉಳಿದಿದ್ದ ಬೀಜವನ್ನು ಎತ್ತಿ, ಬೆಳಕಿಗೆ ಹಿಡಿದು, ಗೀರನ್ನು ನೋಡಿದರು. ಕುಳಿತರು. "ಅಂಗನ್ನಿ ಮತ್ತೆ! ಕ್ಯಾಲೆಂಡರ್ ತನ್ನಿ."

ದಿನ ಗೊತ್ತಾಯಿತು. ಹೊರಡುವಾಗ ಅವರು ಸರೋಜಳ ಕಡೆ ತಿರುಗಿದರು. "ಅದ್ಸರಿ, ನಿಮ್ಮೆಜಮಾನ್ರು ಮೂವತ್ತೊರ್ಷ ಎಂಗೆ ಸಿಡೀದೆ ಕೂತವ್ರೆ?"

"ಮದುವೆಯಾದ ವಾರವೇ ಗೀರು ಹಾಕ್ಬುಟ್ಟೆ ಕಣ್ರೀ. ನಾನು ಮರೆಯೋಳಲ್ಲ."

ಹೆಂಗಸರೆಲ್ಲ ನಕ್ಕರು. ನಾನು ಬಾಯಿ ತೆರೆದೆ. ಸರೋಜ ಸಿಗಡಿಯ ಕಡೆ ಕಣ್ಣು ಮಾಡಿದಳು. ಅದನ್ನು ಎತ್ತಿಕೊಂಡು ಹೋಗಿ ಹಿತ್ತಿಲಲ್ಲಿಟ್ಟು ಬಂದೆ.