ಧಾರಾವಾಹಿಯಲ್ಲಿ ಇಲ್ಲದ ಪಿಳ್ಳಮ್ಮನ ಪರವಾಗಿ

ಟೀವಿ ಕೇಂದ್ರದ ಮರುಪ್ರಸಾರ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಪೀಣ್ಯ ಎರಡನೇ ಹಂತದ ಬೋಲ್ಟು ನಟ್ಟಿನ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಸ್ಟೋರ್ ಕೀಪರ್ ಆಗಿರುವ, ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಓದಿದ್ದರೂ ಕನ್ನಡದಲ್ಲಿ ಇಡೀ ಹೋಬಳಿಗೆ ಮೊದಲನೆಯವನಾಗಿದ್ದ, ಮೇಷ್ಟರು ರಜೆ ಹಾಕಿದ ದಿನ ಅವರ ಕುರ್ಚಿಯಲ್ಲಿ ಕೂತು ಅವರಿಗಿಂತ ಚೆನ್ನಾಗಿ ಪಾಠ ಹೇಳಿದ ಮುನಿಹನುಮಯ್ಯನಾದ ನಾನು ತಮಗೆ ಮಾಡುವ ಅನಂತ ನಮಸ್ಕಾರಗಳು. ತಾವೂ, ತಮ್ಮ ಮನೆಯವರೂ, ತಮ್ಮ ಪ್ರಸಾರದ ಗೋಪುರವೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ. ಕಾರಣ ತಾವೇ.

ಮೂರು ವರ್ಷದ ಹಿಂದೆ, ತೊಂಬತ್ತಮೂರರಲ್ಲಿ, ಮಂಗಳವಾರ ಸಂಜೆ ಏಳೂವರೆಗೆ ತಾವು ತೋರಿಸಿದ ‘ಏಳು ಜನ, ಒಂದು ಬಚ್ಚಲು’ ಎಂಬ ಸಂಸಾರದ ನಗೆ ಧಾರಾವಾಹಿಗೆ ಸಮನಾದದ್ದು ಹಿಂದೆ ಬಂದಿಲ್ಲ, ಮುಂದೆ ಬರುವ ಲಕ್ಷಣವೂ ಇಲ್ಲ. ರಿಟೈರಾದ ಪೋಸ್ಟ್ ಮಾಸ್ಟರ್ ಸದಾಶಿವಯ್ಯನವರು ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಚೊಂಬು ಹಿಡಿದು ಸ್ವಂತ ಮನೆಯಲ್ಲೇ ಕ್ಯೂ ನಿಂತು, “ಇದು ನಾನು ಕಟ್ಟಿಸಿದ ಬಚ್ಚಲು!” ಎಂದು ಗುಡುಗುವುದೂ, ಅಷ್ಟರಲ್ಲಿ ಸೊಸೆ ಒಳಗೆ ನುಗ್ಗಿ ಟಕ್ಕೆಂದು ಚಿಲಕ ಹಾಕುವುದೂ ವಾರವಾರವೂ ನಡೆಯುತ್ತಿತ್ತು, ವಾರವಾರವೂ ನಾವು ಹೊಸದಾಗಿ ನಗುತ್ತಿದ್ದೆವು. ಹೆಣ್ಣು ನೋಡಲು ಬಂದ ಗಂಡಿನ ತಂದೆ ಚಿಲಕ ಜಾಮಾಗಿ ಬಚ್ಚಲಲ್ಲೇ ಸಿಕ್ಕಿಹಾಕಿಕೊಂಡು, ಬೋಂಡ ಕಿಂಡಿಯಲ್ಲಿ ಒಳಗೆ ಹೋಗಿ, ಹುಡುಗಿ ಬಾಗಿಲ ಹೊರಗೆ ಕೂತು ಹಾಡಿ, ಅವರು ಒಳಗಿನಿಂದ ಬಕೆಟ್ಟಿನ ಮೇಲೆ ತಾಳ ಹಾಕಿ ಸಂಬಂಧ ಒಪ್ಪಿದ ಆ ಕಂತಿಗೆ ನಮ್ಮ ಮನೆಯಾಕೆ ಕೃಷ್ಣಮ್ಮ ಎಷ್ಟು ನಕ್ಕಳೆಂದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಾನು ತಮ್ಮ ಮೇಲಿನ ಗೌರವದಿಂದ ಅದನ್ನೂ ಹೊಗಳಿ ಉಂಡೆ.

ಆದರೆ ಮಾನ್ಯರೇ, ನಮ್ಮ ಕಾರ್ಖಾನೆಯ ಎರಡನೇ ಪಾಳಿ ಬಿಡುವುದು ರಾತ್ರಿ ಹತ್ತೂವರೆಗೆ. ಆ ಪಾಳಿಯವರಿಗೆ ಮಂಗಳವಾರದ ಸಂಜೆಯೂ ಇಲ್ಲ, ಮನೆಯಲ್ಲಿ ಟೀವಿಯೂ ಇಲ್ಲ. ಹಾಗಾಗಿ ಪ್ರತಿ ಬುಧವಾರ ಎರಡು ಗಂಟೆಗೆ, ಅವರು ಕೆಲಸಕ್ಕೆ ಹತ್ತುವ ಮುಂಚೆ, ಸೈಕಲ್ ಸ್ಟ್ಯಾಂಡಿನ ಹೊಂಗೆಮರದ ಕೆಳಗೆ ಹಿಂದಿನ ದಿನದ ಕಂತನ್ನು ನಾನು ಹೇಳುತ್ತಿದ್ದೆ. ಸೊಸೆಯ ದನಿಯೂ ನನ್ನದೇ, ಚಿಲಕದ ಟಕ್ಕೂ ನನ್ನ ನಾಲಿಗೆಯದೇ. ತಮ್ಮ ನಟರಿಗಿಂತ ಚೆನ್ನಾಗಿ ಮಾಡುತ್ತಿದ್ದೆನೆಂದು ನಾನು ಹೇಳಬಾರದು, ಆದರೆ ಹೇಳದಿದ್ದರೆ ಸುಳ್ಳಾಗುತ್ತದೆ.

ಒಂಬತ್ತನೇ ವಾರ ಶೀರ್ಷಿಕೆ ಗೀತೆ ಮುಗಿಯುವಷ್ಟರಲ್ಲಿ ನಮ್ಮ ಬೀದಿಯ ಕರೆಂಟು ಹೋಯಿತು. ಮಾರನೆಯ ದಿನ ನಲವತ್ತು ಜನ ಬುತ್ತಿ ಹಿಡಿದು ಬಾಯಿ ತೆರೆದು ಕೂತಿದ್ದರು. ‘ನೋಡಲಿಲ್ಲ’ ಎನ್ನಲು ನನ್ನ ನಾಲಿಗೆಗೆ ಅಭ್ಯಾಸವಿಲ್ಲ. ಬಾಗಿಲು ಬಡಿದ ಸದ್ದು ಮಾಡಿದೆ. ಸದಾಶಿವಯ್ಯನವರ ಸೋದರತ್ತೆ ಪಿಳ್ಳಮ್ಮ, ಮಂಕರಿಯಲ್ಲಿ ಕೋಳಿ ಹೊತ್ತು ಹಳ್ಳಿಯಿಂದ ಬಂದಿಳಿದಳು. ಬಂದವಳೇ ಬೆಚ್ಚಗಿದೆಯೆಂದು ಬಚ್ಚಲಿನಲ್ಲೇ ಕೋಳಿಯನ್ನು ಕಾವಿಗೆ ಕೂರಿಸಿ, “ಕಾವಿಗ್ ಕೂತಿರೋಳ್ನ ಎಬ್ಬುಸ್ಬಾರ್ದು ಕಣ್ರೋ, ಇಪ್ಪತ್ತೊಂದ್ ದಿನ ಯಾರೂ ಮೀಯ್ಬೇಡಿ” ಎಂದು ಹೊಸಿಲಿಗೆ ಅಡ್ಡ ಕೂತಳು. ಟರ್ನರ್ ಚಿನ್ನಪ್ಪ ನಕ್ಕು ನಕ್ಕು ಪಾಳಿಗೆ ಹನ್ನೊಂದು ನಿಮಿಷ ತಡವಾಗಿ ಹೋದ. ಅಂಥವಳನ್ನು ಮುಂದಿನ ವಾರ ಊರಿಗೆ ಕಳಿಸಲು ಯಾರಿಗಾದರೂ ಮನಸ್ಸು ಬರುತ್ತದೆಯೇ? ಧಾರಾವಾಹಿ ಮುಗಿಯುವವರೆಗೂ ಇದ್ದಳು, ತಮ್ಮ ಅಪ್ಪಣೆಯಿಲ್ಲದೆ.

ಈಗ ತಾವು, ಯಾರೂ ಕೇಳದಿದ್ದರೂ, ಧಾರಾವಾಹಿಯನ್ನು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಅಂದರೆ ಇಡೀ ಪೀಣ್ಯಕ್ಕೆ ರಜೆ ಇರುವ ಹೊತ್ತಿಗೆ, ಮರುಪ್ರಸಾರ ಮಾಡುವ ಕೃಪೆ ತೋರಿದ್ದೀರಿ. ಚಿನ್ನಪ್ಪ ಪಿಳ್ಳಮ್ಮನನ್ನು ಕಣ್ಣಾರೆ ನೋಡಬೇಕೆಂದೇ ಹಳೆಯ ಟೀವಿಯೊಂದನ್ನು ಕೊಂಡು ನಾಗಸಂದ್ರದ ತನ್ನ ಒಂದು ಕೋಣೆಯ ಮನೆಯಲ್ಲಿ ಇಟ್ಟಿದ್ದಾನೆ. ಒಂಬತ್ತನೇ ವಾರ ಅಲ್ಲಿ ಹದಿನೆಂಟು ಜನ, ಮುಂದಿನ ಸಾಲಿನ ನಡುವೆ ಮರ್ಯಾದೆಯಿಂದ ಕೂರಿಸಲ್ಪಟ್ಟ ನಾನು. ತೆರೆಯ ಮೇಲೆ ಯಾರೋ ಬಾಗಿಲು ಬಡಿದರು. “ಬಂದ್ಲು ಬಂದ್ಲು!” ಎಂದು ಎಲ್ಲರೂ ಚಪ್ಪಾಳೆ ಹೊಡೆದರು. ಬಾಗಿಲು ತೆರೆಯಿತು. ಹಾಲಿನವನು.

ಹದಿನೆಂಟು ತಲೆ ನನ್ನ ಕಡೆ ತಿರುಗಿದವು. ಹತ್ತೊಂಬತ್ತು ವರ್ಷ ಗಳಿಸಿದ ಹೆಸರು ಹಾಲಿನವನ ಕ್ಯಾನಿನೊಳಗೆ ಮುಳುಗುತ್ತಿತ್ತು. “ಕಟ್ ಮಾಡವ್ರೆ ಕಣ್ರೋ!” ಎಂದುಬಿಟ್ಟೆ. ತಕ್ಷಣ ಚಿನ್ನಪ್ಪನಿಗೆ ಉರಿದುಹೋಯಿತು: “ಮುದುಕಿ ಅಂತ ಕಿತ್ತಾಕವ್ರಾ? ಬರಿ ಮಾವ, ನೀನೇ ಬರಿ, ನಾವೆಲ್ಲಾ ಸೈನ್ ಆಕ್ತೀವಿ!” ಮಾರನೆಯ ದಿನವೇ ಪಿಳ್ಳಮ್ಮನನ್ನು ವಾಪಸು ತರಬೇಕೆಂಬ ಅರ್ಜಿಗೆ ನಲವತ್ತೆರಡು ಸಹಿ ಬಿದ್ದವು.

ಆದಕಾರಣ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಹಳೆಯ ನಟರನ್ನೆಲ್ಲ ಮತ್ತೆ ಕೂಡಿಸಿ, ಮೂರು ವರ್ಷದಲ್ಲಿ ಬಂದ ಅವರ ಹೊಟ್ಟೆಯನ್ನು ಒಳಗೆ ಎಳೆಸಿ, ಮುಂದಿನ ಭಾನುವಾರದೊಳಗೆ ಪಿಳ್ಳಮ್ಮನ ಕಂತುಗಳನ್ನು ತೆಗೆದು ಮಧ್ಯೆ ಸೇರಿಸುವುದು. ಕಷ್ಟವಾದರೆ ಬಚ್ಚಲ ಬಾಗಿಲ ಹಿಂದಿನಿಂದ ಒಂದು ಕೆಮ್ಮಾದರೂ ಕೇಳಿಸುವುದು. ಕೆಮ್ಮು ನಾನೇ ಬಂದು ಕೆಮ್ಮಿಕೊಡುತ್ತೇನೆ, ಬಸ್ ಚಾರ್ಜೂ ಬೇಡ.

ಇಷ್ಟು ಬರೆದಿದ್ದಾಗ ಅರ್ಜಿಗೆ ಸಹಿ ಹಾಕದೆ ಉಳಿದಿದ್ದ ಒಬ್ಬಳೇ ಒಬ್ಬಳು, ಕ್ಯಾಂಟೀನಿನಲ್ಲಿ ಟೀ ಕೊಡುವ ಲಕ್ಷ್ಮವ್ವ, ಸ್ಟೋರಿನ ಬಾಗಿಲಿಗೆ ಬಂದಳು. “ಸುಮ್ಕಿರಣ್ಣ ಸಾಕು. ಮಂಗಳ್ವಾರ ಸಂಜೆ ನಂಗೆ ಡ್ಯೂಟಿ ಇರ್ತಿರ್ಲಿಲ್ಲ. ಪಕ್ಕದ್ ಮನೇಲಿ ಆಗ್ಲೇ ಎಲ್ಲಾ ನೋಡಿವ್ನಿ. ಯಾವ ಮುದ್ಕೀನೂ ಇಲ್ಲ, ಯಾವ ಕೋಳೀನೂ ಇಲ್ಲ” ಎಂದಳು. ಹಾಗಾದರೆ ಬುಧವಾರ ಎಲ್ಲರಿಗಿಂತ ಮೊದಲು ಬಂದು ಮರದ ಕೆಳಗೆ ಯಾಕೆ ಕೂರುತ್ತಿದ್ದೆ ಎಂದು ಕೇಳಿದೆ. “ಟೀವೀಲಿ ಅವಮ್ಮ ಇರ್ಲಿಲ್ವಲ್ಲ, ಅದ್ಕೇ. ಆದ್ರೆ ಇಷ್ಟು ಜನದ್ ಕೈಲಿ ಸುಳ್ಳಿಗೆ ಸೈನ್ ಆಕಿಸ್ದೆ ನೋಡು, ಅದು ತಪ್ಪು. ಈ ಬುದ್ವಾರ ನೀನೇ ಯೇಳ್ಬುಡು. ಇಲ್ದಿದ್ರೆ ನಾನ್ ಯೇಳ್ತೀನಿ, ನಿನ್ನಷ್ಟ್ ಚೆಂದಾಗ್ ಯೇಳಕ್ ನಂಗ್ ಬರಾಕಿಲ್ಲ.”

ಮಾನ್ಯರೇ, ನನ್ನ ಕಥೆಯನ್ನು ಇನ್ನೊಬ್ಬರು ಹೇಳಿ ಕೆಡಿಸುವುದನ್ನು ನಾನು ಸಹಿಸಲಾರೆ. ಆದ್ದರಿಂದ ಅರ್ಜಿಯನ್ನು ಹರಿದು ಹಾಕಿ, ಈ ಪತ್ರವನ್ನೇ ಬುಧವಾರ ಮರದ ಕೆಳಗೆ ಓದಿ, ಆಮೇಲೆ ಒಂದು ಪ್ರತಿಯನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಲಿದ್ದೇನೆ. ತಮ್ಮ ಧಾರಾವಾಹಿಯಲ್ಲಿ ಕೊರತೆಯೇನೂ ಇರಲಿಲ್ಲ, ಪಿಳ್ಳಮ್ಮನೊಬ್ಬಳನ್ನು ಬಿಟ್ಟರೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಮುನಿಹನುಮಯ್ಯ

ವಿ.ಸೂ.: ಅಂಚೆಗೆ ಹಾಕುವ ಮುಂಚೆ ಇದನ್ನು ಬುಧವಾರ ಮರದ ಕೆಳಗೆ ಪೂರಾ ಓದಿದೆ. ಚಿನ್ನಪ್ಪ ಎದ್ದು ಬಂದು, “ಥೂ ನಿನ್ನ, ಕಳ್ ಮಾವ! ಮೂರ್ ವರ್ಷ ನಂಬ್ಕಂಡಿದ್ವಲ್ಲೋ!” ಎಂದ. ಆಮೇಲೆ ವಾಚು ನೋಡಿಕೊಂಡು ಮತ್ತೆ ಕೂತ: “ಇನ್ನೂ ಎಂಟ್ ನಿಮ್ಸ ಐತೆ. ಈಗ ಅವಮ್ಮ ಎಲ್ಲವ್ಳೆ, ಏನ್ ಮಾಡ್ತಾವ್ಳೆ, ಅದನ್ ಯೇಳು.” ಆದ್ದರಿಂದ ಮುಂದಿನ ಭಾನುವಾರದಿಂದ ತಮಗೆ ಹದಿನೆಂಟು ವೀಕ್ಷಕರು ಕಡಿಮೆಯಾದರೆ ದಯವಿಟ್ಟು ಗೋಪುರವನ್ನು ರಿಪೇರಿ ಮಾಡಿಸಬೇಡಿ, ಕೆಟ್ಟಿರುವುದು ಅದಲ್ಲ.